ಗೃಹರಕ್ಷಕರಿಗೂ ಅರಣ್ಯ ಸಿಬ್ಬಂದಿಗೂ ಕ್ಯಾಂಟೀನ್ ಸೌಲಭ್ಯ: ಮನವಿಯನ್ನು ಸಿದ್ಧಪಡಿಸುವ ಕ್ರಮ

ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿರುವ ದಿನಗಳಲ್ಲಿ ದರ್ಶನದ ಸಾಲನ್ನು ಕಾಯುವ ಖಾಕಿಯವರೆಲ್ಲರೂ ಪೊಲೀಸರಲ್ಲ. ಅವರಲ್ಲಿ ಒಂದು ದೊಡ್ಡ ಪಾಲು ಗೃಹರಕ್ಷಕರು. ಪಕ್ಕದಲ್ಲಿ ಅಗ್ನಿಶಾಮಕ ವಾಹನದೊಡನೆ ನಿಂತವರು ಬೇರೆ ಇಲಾಖೆಯವರು. ಬಿಸಿಲು ಎಲ್ಲರಿಗೂ ಒಂದೇ, ಪಾಳಿಯೂ ಹೆಚ್ಚುಕಡಿಮೆ ಒಂದೇ. ಆದರೆ ತಿಂಗಳ ಮೊದಲ ವಾರದಲ್ಲಿ ಕಾನ್‌ಸ್ಟೆಬಲ್ ಪೊಲೀಸ್ ಕ್ಯಾಂಟೀನಿಗೆ ಹೋಗಿ ಮನೆಸಾಮಾನು ತರುತ್ತಾನೆ, ನನ್ನಂಥ ನಿವೃತ್ತ ಸೈನಿಕ ಮಿಲಿಟರಿ ಕ್ಯಾಂಟೀನಿಗೆ ಹೋಗುತ್ತಾನೆ, ಗೃಹರಕ್ಷಕನು ಕಟ್ಟಿನಕೆರೆ ಮಾರುಕಟ್ಟೆಯ ಅಂಗಡಿಗೆ ಹೋಗುತ್ತಾನೆ.

ನನ್ನ ತಮ್ಮನ ಮಗ ಗೃಹರಕ್ಷಕ. ಎರಡು ವರ್ಷದ ಹಿಂದೆ ಅವನು, "ದೊಡ್ಡಪ್ಪ, ನಿಮ್ಮ ಕಾರ್ಡಿನಲ್ಲಿ ನಮ್ಮ ಮನೆಗೊಂದು ಮಿಕ್ಸಿ ತಂದುಕೊಡ್ತೀರಾ?" ಎಂದು ಕೇಳಿದ. ಕಾರ್ಡಿನ ನಿಯಮ ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ಇಲ್ಲವೆನ್ನಬೇಕಾಯಿತು. ಆ ಬಳಿಕ ಅವನೂ ಅವನ ಜೊತೆಯವರೂ ಸೇರಿ ತಮಗೂ ಕ್ಯಾಂಟೀನ್ ಸೌಲಭ್ಯ ಬೇಕೆಂದು ಒಂದು ಮನವಿ ಬರೆದರು. ಅದು ಕೆಲವು ತಿಂಗಳು ಒಂದು ಕಚೇರಿಯ ಟಪಾಲು ಶಾಖೆಯಿಂದ ಇನ್ನೊಂದರ ಟಪಾಲು ಶಾಖೆಗೆ ಓಡಾಡಿ, "ಈ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹದೊಡನೆ ಮರಳಿತು. ಆ ಹಿಂಬರಹ ಸರಿಯಾಗಿಯೇ ಇತ್ತು. ಮನವಿಯಲ್ಲಿ ಏನನ್ನು, ಯಾರಿಂದ, ಯಾರಿಗಾಗಿ ಕೇಳಲಾಗಿದೆ ಎಂಬ ಮೂರೂ ತಪ್ಪಾಗಿದ್ದವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗೃಹರಕ್ಷಕರು, ಅಗ್ನಿಶಾಮಕ ಸಿಬ್ಬಂದಿ, ಅರಣ್ಯದ ಕ್ಷೇತ್ರ ಸಿಬ್ಬಂದಿ ಇದೇ ಬೇಡಿಕೆಯನ್ನು ಮುಂದಿಡುವುದಾದರೆ ಆ ತಪ್ಪುಗಳನ್ನು ಹೇಗೆ ತಪ್ಪಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಕ್ಯಾಂಟೀನ್‌ಗಳು ಎರಡು ಬಗೆ

ನಾವು ಮಾತಿನಲ್ಲಿ ಎಲ್ಲವನ್ನೂ "ಕ್ಯಾಂಟೀನ್" ಎನ್ನುತ್ತೇವೆ. ಕಾಗದದ ಮೇಲೆ ಅವು ಎರಡು ಬೇರೆ ಬೇರೆ ಮನೆತನಗಳು.

ಮಿಲಿಟರಿ ಕ್ಯಾಂಟೀನಿನ ಹಿಂದೆ ಇರುವುದು ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಅಂದರೆ ಸಿಎಸ್‌ಡಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಈ ಇಲಾಖೆ ಆರಂಭವಾಯಿತು. ಅದು ರಕ್ಷಣಾ ಸಚಿವಾಲಯದ ಅಧೀನದಲ್ಲಿದೆ, ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಸಿಎಸ್‌ಡಿ ಕಂಪನಿಗಳಿಂದ ಸರಕನ್ನು ಕೊಂಡು ಬೆಂಗಳೂರಿನಂಥ ಊರುಗಳ ಡಿಪೋಗಳಲ್ಲಿ ಇಡುತ್ತದೆ. ಚಿಲ್ಲರೆ ಮಾರಾಟ ಮಾಡುವುದು ಯೂನಿಟ್ ರನ್ ಕ್ಯಾಂಟೀನ್‌ಗಳು, ಎಂದರೆ ನಾವು ಕಾರ್ಡ್ ಹಿಡಿದು ಸಾಲಿನಲ್ಲಿ ನಿಲ್ಲುವ ಮಳಿಗೆಗಳು. ಇವನ್ನು ನಡೆಸುವ ಹಣ ಸರ್ಕಾರದ ಖಜಾನೆಯದಲ್ಲ, ಆಯಾ ಘಟಕದ ಖಾಸಗಿ ನಿಧಿಯದು. ಈ ಕಾರಣದಿಂದಲೇ ಇಂಥ ಮಳಿಗೆಗಳಲ್ಲಿ ದುಡಿಯುವವರು ಸರ್ಕಾರಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2001ರ ತನ್ನದೇ ತೀರ್ಪನ್ನು ಬದಲಿಸಿ 2009ರಲ್ಲಿ ಹೇಳಿತು. ಮನವಿ ಬರೆಯುವವರಿಗೆ ಈ ತೀರ್ಪು ಏಕೆ ಬೇಕು ಎಂದರೆ, ಸೇನಾ ಘಟಕದ ಸ್ವಂತ ನಿಧಿಯಿಂದ ನಡೆಯುವ ಅಂಗಡಿಗೆ "ಇಂಥವರನ್ನೂ ಸೇರಿಸಿಕೊಳ್ಳಿ" ಎಂದು ಜಿಲ್ಲಾಧಿಕಾರಿಗಳಾಗಲಿ ರಾಜ್ಯದ ಮಂತ್ರಿಗಳಾಗಲಿ ಆದೇಶಿಸಲು ಬರುವುದಿಲ್ಲ. ಅರ್ಹತೆಯ ಪಟ್ಟಿ ದೆಹಲಿಯಲ್ಲಿ ನಿರ್ಧಾರವಾಗುತ್ತದೆ. ಸೇವೆಯಲ್ಲಿರುವ ಯೋಧರು, ನಿವೃತ್ತ ಸೈನಿಕರು, ಅವರ ವಿಧವೆಯರು, ರಕ್ಷಣಾ ಬಜೆಟ್‌ನಿಂದ ಸಂಬಳ ಪಡೆಯುವ ಸಿವಿಲಿಯನ್ ನೌಕರರು ಮುಂತಾದವರು ಆ ಪಟ್ಟಿಯಲ್ಲಿದ್ದಾರೆ.

ಎರಡನೆಯದು ಪೊಲೀಸ್ ಕ್ಯಾಂಟೀನ್. ಕೇಂದ್ರ ಗೃಹ ಸಚಿವಾಲಯವು 2006ರಲ್ಲಿ ಕೇಂದ್ರೀಯ ಪೊಲೀಸ್ ಕ್ಯಾಂಟೀನ್ ಎಂಬ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಕಟ್ಟಿತು. ಈಗ ಅದರ ಹೆಸರು ಕೇಂದ್ರೀಯ ಪೊಲೀಸ್ ಕಲ್ಯಾಣ ಭಂಡಾರ. ಸಿಆರ್‌ಪಿಎಫ್, ಬಿಎಸ್‌ಎಫ್ ಮೊದಲಾದ ಕೇಂದ್ರ ಪಡೆಗಳಿಗೆಂದು ಶುರುವಾದ ಇದರ ವ್ಯಾಪ್ತಿಗೆ ರಾಜ್ಯ ಪೊಲೀಸರೂ ಸೇರಿಕೊಂಡರು. ಇಲ್ಲಿ ಮುಖ್ಯ ಭಂಡಾರಗಳಿವೆ, ಅವುಗಳ ಅಡಿಯಲ್ಲಿ ಉಪ ಭಂಡಾರಗಳಿವೆ. ಜಿಲ್ಲಾ ಪೊಲೀಸರ ಕ್ಯಾಂಟೀನ್ ಈ ಉಪ ಭಂಡಾರಗಳ ಸಾಲಿನದು, ಅದರ ದಿನನಿತ್ಯದ ಮೇಲುಸ್ತುವಾರಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಡೆ ಇರುತ್ತದೆ.

ಹುಡುಗರ ಮೊದಲ ಮನವಿ ಮಿಲಿಟರಿ ಕ್ಯಾಂಟೀನಿಗೆ ಪ್ರವೇಶ ಕೇಳಿತ್ತು. ನಾನು ಸೈನಿಕನೆಂಬ ಸ್ವಾರ್ಥದಿಂದ ಹೇಳುತ್ತಿಲ್ಲ, ಆದರೆ ಆ ಬಾಗಿಲನ್ನು ತಟ್ಟುವುದು ಕಾಲಹರಣ. ತಿಂಗಳ ಮೊದಲ ದಿನಗಳಲ್ಲಿ ಅಲ್ಲಿನ ಸಾಲು ಹೇಗಿರುತ್ತದೆ, ಅರಕಲಗೂಡಿನಿಂದಲೋ ಸಕಲೇಶಪುರದಿಂದಲೋ ಬಸ್ಸಿನಲ್ಲಿ ಬಂದ ಎಂಬತ್ತು ವರ್ಷದ ಹಿರಿಯರು "ಸ್ಟಾಕ್ ಇಲ್ಲ" ಎಂಬ ಮಾತು ಕೇಳಿ ಹೇಗೆ ಹಿಂದಿರುಗುತ್ತಾರೆ ಎಂಬುದನ್ನು ಕಂಡವರು ಆ ಸಾಲಿಗೆ ಇನ್ನಷ್ಟು ಜನರನ್ನು ಸೇರಿಸಿ ಎನ್ನಲಾರರು. ಪೊಲೀಸ್ ಕ್ಯಾಂಟೀನ್ ಹಾಗಲ್ಲ. ಅದು ಗೃಹ ಇಲಾಖೆಯ ಸೂರಿನಡಿ ಇದೆ, ರಾಜ್ಯದ ಅಧಿಕಾರಿಗಳಿಗೆ ಅಲ್ಲಿ ಮಾತಾಡುವ ಅವಕಾಶ ಇದೆ, ರಾಜ್ಯದ ಪಡೆಯೊಂದು ಈಗಾಗಲೇ ಅದರೊಳಗೆ ಬಂದಿರುವ ಪೂರ್ವನಿದರ್ಶನವೂ ಇದೆ. ಆದ್ದರಿಂದ ಮನವಿಯ ವಿಷಯ ಸಾಲಿನಲ್ಲಿ "ಮಿಲಿಟರಿ" ಎಂಬ ಪದವೇ ಇರಬಾರದು.

ಬಾಗಿಲು ಬೇರೆ, ರಿಯಾಯಿತಿ ಬೇರೆ

ಮನವಿ ಕೆಡುವ ಎರಡನೆಯ ಜಾಗ ಇದು. ಕ್ಯಾಂಟೀನಿನಲ್ಲಿ ಬೆಲೆ ಏಕೆ ಕಡಿಮೆ ಎಂಬುದಕ್ಕೆ ಎರಡು ಕಾರಣಗಳಿವೆ. ಒಂದು, ಸಗಟು ಖರೀದಿ: ಕಂಪನಿಯೊಡನೆ ನೇರವಾಗಿ ಮಾತಾಡಿ ದರ ಇಳಿಸಿಕೊಳ್ಳುವುದು, ನಡುವಿನ ವಿತರಕನ ಲಾಭ ಇಲ್ಲದಿರುವುದು. ಇನ್ನೊಂದು, ತೆರಿಗೆ. ಜಿಎಸ್‌ಟಿ ಜಾರಿಗೆ ಬಂದ 2017ರಲ್ಲೇ ಸಿಎಸ್‌ಡಿಗೆ ತಾನು ಕೊಳ್ಳುವ ಸರಕಿನ ಮೇಲೆ ಕಟ್ಟಿದ ತೆರಿಗೆಯಲ್ಲಿ ಅರ್ಧವನ್ನು ಮರಳಿ ಪಡೆಯುವ ಅವಕಾಶವನ್ನು ಅಧಿಸೂಚನೆಯ ಮೂಲಕ ಕೊಡಲಾಯಿತು. ಸಿಎಸ್‌ಡಿಯಿಂದ ಘಟಕದ ಮಳಿಗೆಗೆ, ಮಳಿಗೆಯಿಂದ ಕಾರ್ಡುದಾರನಿಗೆ ಆಗುವ ಮಾರಾಟಕ್ಕೆ ತೆರಿಗೆ ವಿನಾಯಿತಿಯನ್ನೂ ಕೊಡಲಾಯಿತು. ಪೊಲೀಸ್ ಕಲ್ಯಾಣ ಭಂಡಾರಕ್ಕೆ ಇಂಥ ಅನುಕೂಲ ಬಹಳ ವರ್ಷ ಇರಲಿಲ್ಲ. ಕೇಂದ್ರ ಪಡೆಗಳ ಸಿಬ್ಬಂದಿಗೆ ಅಲ್ಲಿನ ಖರೀದಿಯ ಮೇಲೆ ಜಿಎಸ್‌ಟಿಯ ಅರ್ಧದಷ್ಟು ನೆರವು ದೊರೆಯತೊಡಗಿದ್ದು 2024ರ ಏಪ್ರಿಲ್ 1ರಿಂದ, ಅದೂ ತೆರಿಗೆ ಮರುಪಾವತಿಯಾಗಿ ಅಲ್ಲ, ಕೇಂದ್ರದ ಬಜೆಟ್ ಹಣದಿಂದ.

ಇದರಿಂದ ಕಲಿಯಬೇಕಾದ ಪಾಠ ನೇರವಾಗಿದೆ. ಗೃಹರಕ್ಷಕನಿಗೆ ಅಂಗಡಿಯೊಳಗೆ ಪ್ರವೇಶ ಕೊಡುವುದಕ್ಕೆ ಸರ್ಕಾರಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ಆದೇಶ, ಒಂದಷ್ಟು ಕಾರ್ಡು, ಸರಕಿನ ಬೇಡಿಕೆಪಟ್ಟಿಯಲ್ಲಿ ಒಂದಿಷ್ಟು ಏರಿಕೆ ಸಾಕು. ತೆರಿಗೆಯ ನೆರವನ್ನು ಕೊಡಬೇಕಾದರೆ ಮಾತ್ರ ಯಾವುದಾದರೊಂದು ಬಜೆಟ್‌ನಿಂದ ಹಣ ಬರಬೇಕು, ಹಣ ಎಂದ ಕೂಡಲೇ ಕಡತ ಆರ್ಥಿಕ ಇಲಾಖೆಯ ಸಹಮತಿಗೆ ಹೋಗುತ್ತದೆ, ಅಲ್ಲಿಗೆ ಹೋದ ಕಡತಗಳ ಗತಿ ನೌಕರರಾದ ಯಾರಿಗೂ ಗೊತ್ತಿರುವುದೇ. ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದರೆ ದುಬಾರಿಯಾದ ಬೇಡಿಕೆ ಅಗ್ಗದ ಬೇಡಿಕೆಯನ್ನೂ ತನ್ನ ಜೊತೆಗೆ ಮುಳುಗಿಸುತ್ತದೆ. ಮನವಿಯಲ್ಲಿ ಪ್ರವೇಶವನ್ನು ಮೊದಲ ಬೇಡಿಕೆಯಾಗಿಯೂ ತೆರಿಗೆ ನೆರವನ್ನು "ಮುಂದಿನ ಹಂತದಲ್ಲಿ ಪರಿಗಣಿಸಬಹುದಾದ" ಪ್ರತ್ಯೇಕ ಬೇಡಿಕೆಯಾಗಿಯೂ ಇಡಿ.

ಲಾಭದ ಲೆಕ್ಕವನ್ನೂ ಹೊಸದಾಗಿ ಹಾಕಿಕೊಳ್ಳಬೇಕು, ಏಕೆಂದರೆ ಹಳೆಯ ಲೆಕ್ಕಗಳು ಈಗ ನಡೆಯುವುದಿಲ್ಲ. 2025ರ ಸೆಪ್ಟೆಂಬರ್ 22ರವರೆಗೆ ಸೋಪು, ಶಾಂಪೂ, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಗಳ ಮೇಲೆ ಶೇ 18 ತೆರಿಗೆ ಇತ್ತು. ಅಂದಿನಿಂದ ಅದು ಶೇ 5ಕ್ಕೆ ಇಳಿಯಿತು. ತೆರಿಗೆಗೆ ಮೊದಲಿನ ಬೆಲೆ ಸಾವಿರ ರೂಪಾಯಿ ಇರುವ ಇಂಥ ಸಾಮಾನಿನ ಮೇಲೆ ಹಿಂದೆ 180 ರೂಪಾಯಿ ತೆರಿಗೆ ಬೀಳುತ್ತಿತ್ತು, ಅರ್ಧ ಬಿಟ್ಟರೆ 90 ಉಳಿಯುತ್ತಿತ್ತು. ಈಗ ಬೀಳುವುದೇ 50, ಅರ್ಧವೆಂದರೆ 25. ಸಂತೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ಅಕ್ಕಿ, ರಾಗಿ, ಬೇಳೆಗೆ ತೆರಿಗೆಯೇ ಇಲ್ಲವಾದ್ದರಿಂದ ಅಲ್ಲಿ ಕ್ಯಾಂಟೀನಿಗೆ ತೆರಿಗೆಯ ಮೇಲುಗೈ ಏನೂ ಇಲ್ಲ. ಆದರೆ ಮಿಕ್ಸಿ, ಫ್ಯಾನು, ಫ್ರಿಜ್, ವಾಷಿಂಗ್ ಮೆಷಿನ್, ಟಿವಿಗಳ ಮೇಲೆ ಶೇ 18 ಇದ್ದೇ ಇದೆ. 350 ಸಿಸಿವರೆಗಿನ ಬೈಕುಗಳೂ ಅದೇ ತಾರೀಖಿನಿಂದ ಶೇ 28ರಿಂದ ಶೇ 18ಕ್ಕೆ ಬಂದಿವೆ. ಎಂದರೆ ಇಂದು ಸೋಪು-ಪೇಸ್ಟಿನ ಹೆಸರು ಹೇಳಿ ತೆರಿಗೆ ನೆರವು ಕೇಳುವುದು ಬಲಹೀನ ವಾದ. ಐದಾರು ವರ್ಷಕ್ಕೊಮ್ಮೆ ಕೊಳ್ಳುವ ಗೃಹೋಪಯೋಗಿ ವಸ್ತುಗಳೂ ಕೆಲಸಕ್ಕೆ ಬೇಕೇಬೇಕಾದ ಬೈಕೂ ಬಲವಾದ ವಾದ. ಪಾಳಿ ಮುಗಿದಾಗ ಬಸ್ಸೇ ಇರದ ಕೊಟ್ಟಿಗೆಹಾರದಂಥ ಕಡೆ ದುಡಿಯುವವನಿಗೆ ಬೈಕು ಶೋಕಿಯಲ್ಲ.

ಯಾರಿಗಾಗಿ ಕೇಳುತ್ತಿದ್ದೀರಿ?

"ಸಾರ್ವಜನಿಕ ಸುರಕ್ಷತೆಯಲ್ಲಿ ತೊಡಗಿರುವ ಎಲ್ಲ ಸಿಬ್ಬಂದಿಗೆ" ಎಂಬ ಮಾತು ಭಾಷಣಕ್ಕೆ ಚೆನ್ನ, ಆದೇಶಕ್ಕೆ ಆಗದು. ಆದೇಶ ಬರೆಯುವ ಗುಮಾಸ್ತನಿಗೆ ಪದನಾಮ ಬೇಕು, ಗುರುತುಚೀಟಿ ಕೊಡುವ ಅಧಿಕಾರಿ ಯಾರೆಂಬುದು ಬೇಕು, ಆ ವ್ಯಕ್ತಿ ಕೆಲಸ ಬಿಟ್ಟರೆ ಕಾರ್ಡನ್ನು ಹಿಂಪಡೆಯುವವರು ಯಾರೆಂಬುದು ಬೇಕು. ಈ ಮೂರನ್ನು ಇಟ್ಟುಕೊಂಡು ನೋಡಿದರೆ ನಮ್ಮ ಎರಡು ಜಿಲ್ಲೆಗಳ ಸಿಬ್ಬಂದಿಯ ಸ್ಥಿತಿ ಒಂದೇ ರೀತಿ ಇಲ್ಲ.

ಅಗ್ನಿಶಾಮಕದವರದು ಸುಲಭದ ಪ್ರಕರಣ. ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ಒಳಾಡಳಿತ ಇಲಾಖೆಯ, ಎಂದರೆ ರಾಜ್ಯದ ಗೃಹ ಇಲಾಖೆಯ, ಅಡಿಯಲ್ಲೇ ಇದೆ, ಸಿಬ್ಬಂದಿ ಕಾಯಂ ನೌಕರರು, ಸಂಬಳದ ಚೀಟಿ ಇದೆ. ಕಾರಾಗೃಹದ ಸಿಬ್ಬಂದಿಗೂ ಇದೇ ಮಾತು ಸಲ್ಲುತ್ತದೆ.

ಗೃಹರಕ್ಷಕರದು ಹಾಗಲ್ಲ. 1962ರ ಕರ್ನಾಟಕ ಗೃಹರಕ್ಷಕರ ಕಾಯ್ದೆಯ ಪ್ರಕಾರ ಇದು ಸ್ವಯಂಸೇವಕರ ದಳ. ಅವರಿಗೆ ಸಂಬಳವಿಲ್ಲ, ಕರ್ತವ್ಯದ ದಿನಕ್ಕೆ ಭತ್ಯೆ ಇದೆ. ಆದರೂ 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ, ಗೃಹರಕ್ಷಕರನ್ನು ಕಾಯಂ ಮಾಡಬೇಕೆಂಬ ಬೇಡಿಕೆಯನ್ನು ಒಪ್ಪದಿದ್ದರೂ, ಅವರ ಭತ್ಯೆಯು ತಿಂಗಳ ಲೆಕ್ಕದಲ್ಲಿ ಪೊಲೀಸ್ ಕಾನ್‌ಸ್ಟೆಬಲ್‌ನ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಇರಬೇಕೆಂದು ಹೇಳಿತು. ನನಗೆ ಮನವಿಯ ಅತ್ಯಂತ ಗಟ್ಟಿಯಾದ ಕಂಬ ಇದೇ ಎನಿಸುತ್ತದೆ. ಕೆಲಸದ ಹೊರೆಯನ್ನು ಕಾನ್‌ಸ್ಟೆಬಲ್‌ನೊಡನೆ ಹೋಲಿಸಿ ನೋಡಿದ್ದು ದೇಶದ ಅತ್ಯುನ್ನತ ನ್ಯಾಯಾಲಯ. ಅದೇ ಹೋಲಿಕೆಯನ್ನು ಕ್ಯಾಂಟೀನಿನ ಬಾಗಿಲವರೆಗೆ ತರುತ್ತಿದ್ದೇವೆ ಎನ್ನಬಹುದು. ಇಲ್ಲಿ ಏಳುವ ತೊಡಕು ಅರ್ಹತೆಯ ಅಳತೆಯದು. ವರ್ಷದಲ್ಲಿ ಕೆಲವೇ ದಿನ ಬಂದೋಬಸ್ತಿಗೆ ಬರುವವನಿಗೂ ವರ್ಷಪೂರ್ತಿ ಠಾಣೆಯಲ್ಲಿ ದುಡಿಯುವವನಿಗೂ ಒಂದೇ ಕಾರ್ಡೇ? ಈ ಪ್ರಶ್ನೆಯನ್ನು ಅಧಿಕಾರಿಗಳು ಕೇಳುವ ಮೊದಲು ನೀವೇ ಉತ್ತರಿಸಿ. ಹಿಂದಿನ ಹನ್ನೆರಡು ತಿಂಗಳಲ್ಲಿ ಇಷ್ಟು ದಿನಕ್ಕೆ ಕಡಿಮೆ ಇಲ್ಲದಂತೆ ಕರ್ತವ್ಯ ನಿರ್ವಹಿಸಿದವರು, ಅದನ್ನು ಜಿಲ್ಲಾ ಕಮಾಂಡೆಂಟರ ಕಚೇರಿಯ ಹಾಜರಾತಿಯಿಂದ ದೃಢಪಡಿಸಬಹುದಾದವರು ಎಂದು ಮಿತಿ ಹಾಕಿಕೊಂಡರೆ ಮನವಿಗೆ ತೂಕ ಬರುತ್ತದೆ. ಸಂಖ್ಯೆಯನ್ನು ನಿಮ್ಮ ಘಟಕದ ಹಾಜರಾತಿ ನೋಡಿ ಗೊತ್ತುಮಾಡಿ.

ಅರಣ್ಯದವರ ಪ್ರಕರಣ ನ್ಯಾಯದ ದೃಷ್ಟಿಯಿಂದ ಎಲ್ಲರಿಗಿಂತ ಬಲವಾದದ್ದು, ಕಡತದ ದೃಷ್ಟಿಯಿಂದ ಕಷ್ಟದ್ದು. 2023ರ ಒಂದೇ ವರ್ಷದಲ್ಲಿ ನಮ್ಮ ಭಾಗದಲ್ಲಿ ನಡೆದದ್ದನ್ನು ನೆನೆದರೆ ಸಾಕು: ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡ್ಗಿಚ್ಚು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು, ಆಗಸ್ಟ್ ಕೊನೆಗೆ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸಲು ಹೋದವರು ಅದೇ ಆನೆಯ ದಾಳಿಗೆ ಸಿಕ್ಕರು, ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ಕಾರ್ಯಪಡೆಯ ದಿನಗೂಲಿ ಸಿಬ್ಬಂದಿಯೊಬ್ಬರು ಕಾಡಾನೆಗೆ ಬಲಿಯಾದರು. ಊರಿನವರನ್ನು ಕಾಯುವುದು ಸಾರ್ವಜನಿಕ ಸುರಕ್ಷತೆಯ ಕೆಲಸವೆಂದಾದರೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆದರೆ ಅರಣ್ಯ ಇಲಾಖೆ ಒಳಾಡಳಿತ ಇಲಾಖೆಯ ಅಡಿಯಲ್ಲಿಲ್ಲ, ಅದರ ಕಾರ್ಯದರ್ಶಿ ಬೇರೆ, ಸಚಿವರು ಬೇರೆ. ಒಂದು ಇಲಾಖೆಯ ಸಿಬ್ಬಂದಿಗೆ ಇನ್ನೊಂದು ಇಲಾಖೆಯ ಸೌಲಭ್ಯ ಬೇಕೆಂದರೆ ಇಬ್ಬರೂ ಒಪ್ಪಬೇಕು. ಜೊತೆಗೆ ಗಸ್ತು ಅರಣ್ಯ ಪಾಲಕರು ಕಾಯಂ ನೌಕರರಾದರೂ ಮುತ್ತೋಡಿ, ಲಕ್ಕವಳ್ಳಿ ಕಡೆಯ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಕಳೆಯುವವರಲ್ಲಿ ದಿನಗೂಲಿ, ಹೊರಗುತ್ತಿಗೆಯವರು ಬಹಳ ಮಂದಿ. ಕಾಯಂ ಸಿಬ್ಬಂದಿಗೆ ಮಾತ್ರ ಕೇಳಿದರೆ ಅನ್ಯಾಯ, ಎಲ್ಲರಿಗೂ ಕೇಳಿದರೆ ಕಾರ್ಡಿನ ಹೊಣೆ ಯಾರದೆಂಬ ಪ್ರಶ್ನೆ. ವಲಯ ಅರಣ್ಯಾಧಿಕಾರಿಗಳು ದೃಢೀಕರಿಸಿದ, ಪ್ರತಿ ವರ್ಷ ನವೀಕರಿಸಬೇಕಾದ ಕಾರ್ಡು ಎಂಬ ಸಲಹೆ ಈ ತೊಡಕನ್ನು ಬಹುಪಾಲು ಬಿಡಿಸುತ್ತದೆ.

108 ಆಂಬುಲೆನ್ಸ್ ಸಿಬ್ಬಂದಿಯನ್ನೂ ಸೇರಿಸಬೇಕೆಂದು ಹಲವರು ಹೇಳುತ್ತಾರೆ. ಮನಸ್ಸು ಒಪ್ಪುತ್ತದೆ, ಆದರೆ ಅವರು ಕಾಯಂ ಸರ್ಕಾರಿ ನೌಕರರಲ್ಲ. ಮೊದಲ ಮನವಿಯಲ್ಲಿ ಅವರನ್ನು ಸೇರಿಸಿದರೆ ಇಡೀ ಕಡತ ಆ ಒಂದು ಗಂಟಿಗೇ ಸಿಕ್ಕಿಕೊಳ್ಳುತ್ತದೆ. ಮೊದಲಿಗೆ ಬೇಡ.

ವರ್ಗವನ್ನು ಖಚಿತವಾಗಿ ಹೆಸರಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆಯನ್ನು ಮನವಿಯ ಅಡಕದಲ್ಲಿ ಸೇರಿಸಬಹುದು. ಅಮೆರಿಕದಲ್ಲಿ ಸೇನೆಯ ದಿನಸಿ ಮಳಿಗೆಗಳನ್ನು ಕಮಿಸರಿ ಎನ್ನುತ್ತಾರೆ. ಅಲ್ಲಿ 2018ರಲ್ಲಿ ಮಾಡಿದ ಕಾಯ್ದೆಯೊಂದರ ಮೂಲಕ, ಸೇವೆಯಲ್ಲಿದ್ದಾಗ ಅಂಗವಿಕಲರಾದ ಮಾಜಿ ಸೈನಿಕರು, ಯುದ್ಧಕೈದಿಗಳಾಗಿದ್ದವರು, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಪಡೆದವರು, ಇಂಥವರನ್ನು ನೋಡಿಕೊಳ್ಳುವ ನೋಂದಾಯಿತ ಮನೆಮಂದಿ ಎಂದು ಒಂದೊಂದೇ ವರ್ಗವನ್ನು ಹೆಸರಿಸಿ, 2020ರ ಜನವರಿ 1ರಿಂದ ಅವರಿಗೆ ಮಳಿಗೆಗಳನ್ನು ತೆರೆದರು. ಹೊಸದಾಗಿ ಬಂದವರು ಬ್ಯಾಂಕ್ ಕಾರ್ಡಿನಿಂದ ಹಣ ಕಟ್ಟಿದರೆ ಅದರ ಶುಲ್ಕವನ್ನು ಅವರಿಂದಲೇ ವಸೂಲಿ ಮಾಡುವುದೆಂದೂ ನಿಗದಿಯಾಯಿತು. ಹಳಬರ ಹಣದಿಂದ ಹೊಸಬರ ಖರ್ಚು ತೂಗಬಾರದೆಂಬ ಎಚ್ಚರ ಅದು. ನಮ್ಮ ಮನವಿಗೂ ಈ ಎಚ್ಚರ ಒಪ್ಪುತ್ತದೆ: ಕಾರ್ಡು ಮಾಡಿಸುವ ಖರ್ಚನ್ನು ಫಲಾನುಭವಿಗಳೇ ಭರಿಸುತ್ತೇವೆ ಎಂದು ಬರೆದುಕೊಡಿ.

ಮನವಿಗೆ ಮೊದಲು ಮಾಹಿತಿ

ಬರೆಯಲು ಕೂರುವ ಮೊದಲು ನಿಮ್ಮ ಇಲಾಖೆಯ ಬಗ್ಗೆ ಈಗಾಗಲೇ ಯಾವುದಾದರೂ ಆದೇಶ, ಸುತ್ತೋಲೆ ಅಥವಾ ಬಾಕಿ ಪ್ರಸ್ತಾವನೆ ಇದೆಯೇ ಎಂದು ನೋಡಿಕೊಳ್ಳಿ. ಎಷ್ಟೋ ಸಲ ಆದೇಶ ಬೆಂಗಳೂರಿನಲ್ಲಿ ಆಗಿರುತ್ತದೆ, ತಾಲ್ಲೂಕಿಗೆ ಇಳಿದಿರುವುದಿಲ್ಲ. ಇದಕ್ಕೆ ಮಾಹಿತಿ ಹಕ್ಕು ಅರ್ಜಿ ಸಾಕು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ ಪೀಠಿಕೆ, ಸಿಟ್ಟು ಎರಡನ್ನೂ ಬಿಟ್ಟು, ಜಿಲ್ಲಾ ಪೊಲೀಸ್ ಕ್ಯಾಂಟೀನಿನಲ್ಲಿ ಖರೀದಿಗೆ ಅರ್ಹರಾದ ವರ್ಗಗಳ ಪಟ್ಟಿ ಮತ್ತು ಅದಕ್ಕೆ ಆಧಾರವಾದ ಆದೇಶದ ಪ್ರತಿ ಇವೆರಡನ್ನೇ ಕೇಳಿ. ಬಂದ ಉತ್ತರವೇ ಮನವಿಯ ಮೊದಲ ಅಡಕವಾಗುತ್ತದೆ. ಕಾಗದ ಕೊಟ್ಟಲ್ಲೆಲ್ಲ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಮನವಿಯ ಒಕ್ಕಣೆ

ಮನವಿ ಎರಡು ಪುಟ ಮೀರಬಾರದು. ನಾವು ಎರಡನೆಯ ಸಲ ಬರೆದಾಗ ಮುಖ್ಯ ಭಾಗ ಸುಮಾರು ಹೀಗಿತ್ತು:

"ಹಾಸನ ಜಿಲ್ಲೆಯಲ್ಲಿ ಪೊಲೀಸ್ ಸಿಬ್ಬಂದಿಯೊಂದಿಗೆ ಬಂದೋಬಸ್ತು, ಸಂಚಾರ ನಿಯಂತ್ರಣ ಹಾಗೂ ವಿಪತ್ತು ಪರಿಹಾರ ಕರ್ತವ್ಯಗಳನ್ನು ನಿರ್ವಹಿಸುತ್ತಿರುವ ಗೃಹರಕ್ಷಕರಿಗೆ, ಜಿಲ್ಲಾ ಪೊಲೀಸ್ ಕ್ಯಾಂಟೀನಿನಲ್ಲಿ ದಿನಸಿ ಮತ್ತು ಗೃಹೋಪಯೋಗಿ ವಸ್ತುಗಳನ್ನು ನಿಗದಿತ ಮಾಸಿಕ ಮಿತಿಯೊಳಗೆ ಖರೀದಿಸಲು ಅನುಮತಿ ನೀಡುವಂತೆ ಕೋರುತ್ತೇವೆ. ಸದರಿ ಅನುಮತಿಯು ಮದ್ಯಕ್ಕೆ ಅನ್ವಯಿಸಬೇಕೆಂಬ ಕೋರಿಕೆ ನಮ್ಮದಲ್ಲ. ಗುರುತಿನ ಚೀಟಿಯ ವೆಚ್ಚವನ್ನು ಫಲಾನುಭವಿಗಳೇ ಭರಿಸುವರು. ಸೇವೆಯಿಂದ ಬಿಡುಗಡೆ ಹೊಂದಿದ ದಿನದಂದು ಚೀಟಿಯನ್ನು ಹಿಂಪಡೆಯುವ ಹೊಣೆಯನ್ನು ಜಿಲ್ಲಾ ಕಮಾಂಡೆಂಟರ ಕಚೇರಿಗೆ ವಹಿಸಬಹುದಾಗಿದೆ."

ಮದ್ಯದ ಸಾಲು ಏಕೆಂದು ಹುಡುಗರು ಕೇಳಿದರು. ಕ್ಯಾಂಟೀನ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಅರ್ಧ ಜನರ ತಲೆಗೆ ಬರುವುದು ಬಾಟಲಿ. ಮಿಲಿಟರಿ ಕ್ಯಾಂಟೀನಿನ ಖ್ಯಾತಿ ಹಾಗಿದೆ. ಆ ಅನುಮಾನವನ್ನು ಎರಡನೆಯ ವಾಕ್ಯದಲ್ಲೇ ತೀರಿಸಿಬಿಟ್ಟರೆ ಉಳಿದದ್ದನ್ನು ಓದುವ ತಾಳ್ಮೆ ಅಧಿಕಾರಿಗೆ ಉಳಿಯುತ್ತದೆ.

ದೂರದ ತಾಲ್ಲೂಕಿನವರು ಇನ್ನೊಂದು ಸಾಲನ್ನು ಸೇರಿಸಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಶೃಂಗೇರಿಯಿಂದ ಚಿಕ್ಕಮಗಳೂರಿಗೆ ಅದರ ಎರಡು ಪಟ್ಟಿಗೂ ಮಿಗಿಲು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಆ ಲೆಕ್ಕವೂ ಇಲ್ಲ. ನೂರು ರೂಪಾಯಿ ಉಳಿಸಲು ಒಂದು ದಿನದ ಭತ್ಯೆಯನ್ನೂ ಬಸ್ ಚಾರ್ಜನ್ನೂ ಕಳೆದುಕೊಳ್ಳುವುದಾದರೆ ಸೌಲಭ್ಯ ಕಾಗದದಲ್ಲೇ ಉಳಿಯುತ್ತದೆ. (ಶಕ್ತಿ ಯೋಜನೆ ಬಂದ ಮೇಲೆ ಮಹಿಳಾ ಗೃಹರಕ್ಷಕರಿಗೆ ಬಸ್ ಚಾರ್ಜಿನ ಚಿಂತೆಯಾದರೂ ತಪ್ಪಿದೆ.) ಹಾಗಾಗಿ ತಿಂಗಳಿಗೊಂದು ದಿನ ತಾಲ್ಲೂಕು ಕೇಂದ್ರದ ಪೊಲೀಸ್ ಠಾಣೆಯ ಆವರಣಕ್ಕೆ ಕ್ಯಾಂಟೀನಿನ ವಾಹನ ಬರಲಿ, ಅಥವಾ ಘಟಕದ ಬೇಡಿಕೆಪಟ್ಟಿಯನ್ನು ಒಟ್ಟುಗೂಡಿಸಿ ಒಬ್ಬರೇ ತರುವುದಕ್ಕೆ ಅವಕಾಶವಿರಲಿ ಎಂದು ಕೇಳಿ. ಎರಡನೆಯದು ಸುಲಭವಾಗಿ ಒಪ್ಪಿಗೆಯಾಗುವಂಥದ್ದು.

ಎಲ್ಲಿಗೆ, ಯಾವಾಗ

ಗೃಹರಕ್ಷಕರ ಮನವಿ ಜಿಲ್ಲಾ ಕಮಾಂಡೆಂಟರ ಮೂಲಕ ಬೆಂಗಳೂರಿನ ಕೇಂದ್ರ ಕಚೇರಿಗೆ, ಅಲ್ಲಿಂದ ಒಳಾಡಳಿತ ಇಲಾಖೆಗೆ ಹೋಗಬೇಕು. ಅದರ ಒಂದು ನಕಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ. ಅರಣ್ಯದವರದು ವಲಯ ಅರಣ್ಯಾಧಿಕಾರಿಯಿಂದ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಮೂಲಕ ಮೇಲಕ್ಕೆ ಹೋಗಿ, ಅಲ್ಲಿಂದ ಒಳಾಡಳಿತ ಇಲಾಖೆಯ ಅಭಿಪ್ರಾಯಕ್ಕೆ ಬರಬೇಕು. ಕ್ಯಾಂಟೀನ್ ನಡೆಸುವವರು "ನಮಗೆ ಅಡ್ಡಿಯಿಲ್ಲ, ಇಷ್ಟು ಜನರನ್ನು ನಿಭಾಯಿಸಬಲ್ಲೆವು" ಎಂದು ಒಂದು ಸಾಲು ಬರೆದುಕೊಟ್ಟರೆ ಅದಕ್ಕೆ ಹತ್ತು ಶಿಫಾರಸು ಪತ್ರಗಳ ಬೆಲೆ ಇದೆ. ಆದ್ದರಿಂದ ಮನವಿ ಸಲ್ಲಿಸುವ ಮೊದಲು ಅವರನ್ನು ಕಂಡು ಮಾತಾಡಿ.

ಶಾಸಕರ ಹತ್ತಿರ ಹೋಗುವ ವಿಚಾರದಲ್ಲಿ ಎಚ್ಚರ ಬೇಕು. ಕಾಯಂ ನೌಕರರು ಸೇವಾ ವಿಷಯಗಳಲ್ಲಿ ರಾಜಕೀಯ ಒತ್ತಡ ತರುವುದನ್ನು ನಡತೆ ನಿಯಮಗಳು ತಡೆಯುತ್ತವೆ. ಸಂಘವಿದ್ದರೆ ಸಂಘದ ಮೂಲಕ, ಇಲ್ಲದಿದ್ದರೆ ನಿವೃತ್ತರ ಮೂಲಕ ಹೋಗುವುದು ಕ್ಷೇಮ. ಶಾಸಕರಿಂದ ಶಿಫಾರಸು ಪತ್ರ ಕೇಳುವುದಕ್ಕಿಂತ ಸದನದಲ್ಲಿ ಒಂದು ಚುಕ್ಕೆ ರಹಿತ ಪ್ರಶ್ನೆ ಕೇಳಿಸುವುದು ಒಳ್ಳೆಯದು. ಶಿಫಾರಸು ಪತ್ರ ಕಡತದಲ್ಲಿ ಮಲಗುತ್ತದೆ, ಪ್ರಶ್ನೆಗೆ ಇಲಾಖೆ ಲಿಖಿತ ಉತ್ತರ ಕೊಡಲೇಬೇಕು. ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಿದರೆ ಆಯಿತೆಂದು ಕೆಲವರು ಹೇಳುತ್ತಾರೆ. ಆ ವ್ಯವಸ್ಥೆ ಇರುವುದು ಕುಂದುಕೊರತೆಗೆ, ಸಲಹೆಗಳನ್ನು ಅದು ದೂರೆಂದು ಪರಿಗಣಿಸುವುದಿಲ್ಲ. ಹೊಸ ಸೌಲಭ್ಯ ಬೇಕೆಂಬುದು ಸಲಹೆಯ ಸಾಲಿಗೇ ಬೀಳುತ್ತದೆ.

ಪ್ರವೇಶದ ಬೇಡಿಕೆಗೆ ಕಾಲದ ಕಟ್ಟಿಲ್ಲ. ತೆರಿಗೆ ನೆರವಿನಂತಹ ಹಣದ ಬೇಡಿಕೆಯನ್ನು ಮಾತ್ರ ದಸರಾ ಹೊತ್ತಿಗೆ ಬೆಂಗಳೂರು ತಲುಪಿಸಿ. ರಾಜ್ಯ ಬಜೆಟ್ ಮಂಡನೆಯಾಗುವುದು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಾದರೂ ಇಲಾಖೆಗಳ ಪ್ರಸ್ತಾವನೆಗಳು ಅದಕ್ಕೆ ತಿಂಗಳುಗಳ ಮೊದಲೇ ಸಿದ್ಧವಾಗುತ್ತವೆ.

ಎದುರಾಗುವ ಮಾತುಗಳು

ಮೊದಲ ಆಕ್ಷೇಪ ದುರುಪಯೋಗದ್ದು. ಕ್ಯಾಂಟೀನಿನ ಸಾಮಾನು ಹೊರಗಿನ ಅಂಗಡಿಯಲ್ಲಿ ಮಾರಾಟವಾಗುತ್ತದೆ ಎಂಬ ಮಾತು ಹೊಸದಲ್ಲ, ಸುಳ್ಳೂ ಅಲ್ಲ. ನಮ್ಮ ಸೈನಿಕರಲ್ಲೂ ಕಾರ್ಡನ್ನು ನೆಂಟರಿಷ್ಟರಿಗೆ ಕೊಡುವವರಿದ್ದಾರೆ. ಇದಕ್ಕೆ ಉತ್ತರ ಮಾಸಿಕ ಮಿತಿ, ಫೋಟೊ ಇರುವ ಕಾರ್ಡು, ಒಂದು ಸಲ ಸಿಕ್ಕಿಬಿದ್ದರೆ ಕಾರ್ಡು ರದ್ದು. ಮಿತಿಯನ್ನು ನೀವೇ ಕಡಿಮೆ ಸೂಚಿಸಿ. ಒಮ್ಮೆ ಒಳಗೆ ಹೋದ ಮೇಲೆ ಏರಿಸಿಕೊಳ್ಳುವುದು ಕಷ್ಟವಲ್ಲ.

ಎರಡನೆಯದು ಪೊಲೀಸರ ಕಡೆಯಿಂದಲೇ ಬರಬಹುದು: ಇರುವ ಸರಕು ನಮಗೇ ಸಾಲದು, ಹೊಸಬರು ಬಂದರೆ ನಮ್ಮ ಗತಿ ಏನು? ಈ ಅಳುಕನ್ನು ಹಗುರವಾಗಿ ಕಾಣಬೇಡಿ. ಮಿಲಿಟರಿ ಕ್ಯಾಂಟೀನಿನ ಬಗ್ಗೆ ನನಗಿರುವ ಅಳುಕೂ ಇದೇ. ತಿಂಗಳ ಮೊದಲ ಹತ್ತು ದಿನ ಪೊಲೀಸರಿಗೆ, ಆಮೇಲಿನ ದಿನಗಳು ಹೊಸಬರಿಗೆ ಎಂದು ನೀವೇ ಮುಂದಾಗಿ ಹೇಳಿದರೆ ವಿರೋಧ ಬಹಳ ಮೆತ್ತಗಾಗುತ್ತದೆ. ಗೃಹರಕ್ಷಕರ ಭತ್ಯೆ ಕೈಸೇರುವುದು ಹೇಗೂ ತಡವಾಗಿಯೇ.

ಊರಿನ ಕಿರಾಣಿಯವರ ಅಸಮಾಧಾನ ಮೂರನೆಯದು. ಕೆಲವು ನೂರು ಮನೆಗಳ ಸೋಪು-ಪೇಸ್ಟಿನ ವ್ಯಾಪಾರದಿಂದ ಹಾಸನದ ಪೇಟೆ ಅಲುಗುವುದಿಲ್ಲ, ಆದರೆ ಆಲೂರಿನಂಥ ಚಿಕ್ಕ ಪೇಟೆಯ ಸಾಲದ ಪುಸ್ತಕದ ಅಂಗಡಿಯವನಿಗೆ ತಿಳಿಯದೇ ಇರದು. ಭತ್ಯೆ ತಡವಾದ ತಿಂಗಳು ಅಕ್ಕಿ ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡವನು ಅವನೇ ಎಂಬುದನ್ನು ಗೃಹರಕ್ಷಕರ ಮನೆಯವರು ಮರೆಯಬಾರದು. ಕ್ಯಾಂಟೀನಿನಲ್ಲಿ ಸಾಲವಿಲ್ಲ.

ಅನುಮತಿ ಬಂದರೆ, ಮೊದಲ ತಿಂಗಳು ಪಟ್ಟಿ ಹಿಡಿದು ಹೋಗಿ. ಪ್ಯಾಕೆಟ್ಟಿನ ಮೇಲಿನ ಬೆಲೆಯೊಂದಿಗೆ ಹೋಲಿಸಬೇಡಿ, ನಿಮ್ಮೂರಿನ ಅಂಗಡಿಯಲ್ಲಿ ನಿಜವಾಗಿ ಕೊಡುವ ಬೆಲೆಯೊಂದಿಗೆ ಹೋಲಿಸಿ. ಕೆಲವು ಸಾಮಾನುಗಳಿಗೆ ಸೂಪರ್‌ಮಾರ್ಕೆಟ್ಟಿನ ಕೊಡುಗೆ ದರವೇ ಕಡಿಮೆ ಇರುವುದನ್ನು ನಾನೇ ಕಂಡಿದ್ದೇನೆ. ಬಿಲ್ಲುಗಳನ್ನು ಆರು ತಿಂಗಳು ತೆಗೆದಿಡಿ. ತೆರಿಗೆ ನೆರವಿನ ಎರಡನೆಯ ಮನವಿಗೆ ಅಡಕವಾಗಿ ಲಗತ್ತಿಸಬೇಕಾದದ್ದು ಆ ಬಿಲ್ಲುಗಳನ್ನೇ. ನಮ್ಮ ಹುಡುಗರ ಎರಡನೆಯ ಮನವಿ ಈಗ ಬೆಂಗಳೂರಿನಲ್ಲಿದೆ, ಈ ಸಲ ಹಿಂಬರಹವಿಲ್ಲದೆ. ಮಿಕ್ಸಿಯನ್ನು ಮಾತ್ರ ತಮ್ಮನ ಮಗ ಯುಗಾದಿಗೆ ಪೇಟೆಯಲ್ಲೇ ಕಂತಿನ ಮೇಲೆ ತಂದುಕೊಂಡ.